ಫೆಬ್ರವರಿ 7ಕ್ಕೆ ಗ್ರೆನೇಡಾದಲ್ಲಿ ಲಂಗರು ಹಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸೆಂಬರ್ ಬಂತು ಅಂದರೆ ಕೆರಿಬಿಯನ್ ಕಡೆ ಹಾಯಿದೋಣಿಯಲ್ಲಿ ಹೊರಟ ಗೆಳೆಯರು, ಅವರ ಗೆಳೆಯರು, ಬೇರೆಯವರ ದೋಣಿಯಲ್ಲಿ ಕ್ರೂ ಆಗಿ ಹೋಗುವ ನಮ್ಮೂರ ಹುಡುಗರು, ಎಲ್ಲರೂ ಒಂದೇ ಥರದ ಪ್ರಶ್ನೆಗಳನ್ನು ಕಳಿಸುತ್ತಾರೆ. ಗ್ರೆನೇಡಾದ ಸ್ವಾತಂತ್ರ್ಯ ದಿನಕ್ಕೆ ನಾವೂ ಸೇರಬಹುದಾ? ಹೇಗೆ? ನಾನು ಮತ್ತು ನನ್ನ ಗಂಡ ಎರಡು ಫೆಬ್ರವರಿಗಳನ್ನು ಅಲ್ಲಿ ಕಳೆದಿದ್ದೇವೆ. ಮೊದಲನೇ ಸಲ ದೋಣಿಯ ಮೇಲೆ ಕೂತು ದಡದ ಹಾಡು, ಹೊಗೆ, ಬಾವುಟ ಎಲ್ಲ ದೂರದಿಂದ ನೋಡಿದೆವು. ಎರಡನೇ ಸಲ ಬೆಳಿಗ್ಗೆಯೇ ದಡಕ್ಕೆ ಹೋಗಿ ಅಲ್ಲಿನ ಜನರ ಜೊತೆ ತರಕಾರಿ ಹೆಚ್ಚಿದೆವು. ಮೊದಲನೇ ವರ್ಷವನ್ನು ಹಾಗೆ ಕಳೆದುಕೊಂಡೆವಲ್ಲ ಅಂತ ಈಗಲೂ ಬೇಜಾರಾಗುತ್ತದೆ. ನಿಮಗೆ ಹಾಗಾಗದಿರಲಿ ಅಂತ ಇಷ್ಟು ಬರೆಯುತ್ತಿದ್ದೇನೆ.

ಫೆಬ್ರವರಿ 7ರಂದು ಏನು ವಿಶೇಷ?

1974ರ ಫೆಬ್ರವರಿ 7ರಂದು ಗ್ರೆನೇಡಾ ಬ್ರಿಟಿಷರಿಂದ ಸ್ವತಂತ್ರವಾಯಿತು. ಗ್ರೆನೇಡಾ, ಕ್ಯಾರಿಯಾಕೂ, ಪೆಟಿಟ್ ಮಾರ್ಟಿನೀಕ್ ಅನ್ನುವ ಮೂರು ದ್ವೀಪಗಳ ದೇಶ ಅದು. ಮೂರೂ ಸೇರಿದರೂ 344 ಚದರ ಕಿಲೋಮೀಟರ್, ಅಂದರೆ ನಮ್ಮ ಒಂದು ತಾಲ್ಲೂಕಿಗಿಂತ ಚಿಕ್ಕದು. ಚಿಕ್ಕ ದೇಶ ಆಗಿರುವುದರಿಂದಲೇ ಈ ಹಬ್ಬಕ್ಕೆ ಬೇರೆ ರುಚಿ ಇದೆ. ಪೆರೇಡಿನಲ್ಲಿ ನಡೆಯುವ ಹುಡುಗಿ ನಿಮಗೆ ತರಕಾರಿ ಮಾರುವವರ ಮೊಮ್ಮಗಳಾಗಿರುತ್ತಾಳೆ. ಬ್ಯಾಂಡಿನಲ್ಲಿ ಡ್ರಮ್ ಬಾರಿಸುವ ಪೊಲೀಸ್ ನಿಮ್ಮ ಬಸ್ ಡ್ರೈವರಿನ ತಮ್ಮ. ದೇಶದ ಹುಟ್ಟುಹಬ್ಬ ಮನೆಯ ಹುಟ್ಟುಹಬ್ಬದ ಥರ ನಡೆಯುತ್ತದೆ.

ಹೆಸರು ಗ್ರೆನೇಡಾ. ‘ನೇ’ ದೀರ್ಘ. ಸ್ಪೇನಿನ ಊರಿನ ಹೆಸರಿನ ಥರ ‘ಗ್ರನಾಡಾ’ ಅನ್ನಬೇಡಿ, ಅಲ್ಲಿನವರಿಗೆ ನಿಜವಾಗಿ ಬೇಸರವಾಗುತ್ತದೆ.

ಯಾವಾಗ ಬಂದು ತಲುಪಿದರೆ ಒಳ್ಳೆಯದು?

ಜನವರಿ ಕೊನೆಯ ವಾರದೊಳಗೆ. 6ನೇ ತಾರೀಖು ಸಂಜೆ ಬಂದು 8ಕ್ಕೆ ಹೊರಡುವ ಲೆಕ್ಕ ಹಾಕಿದ್ದರೆ ದಯವಿಟ್ಟು ಬದಲಿಸಿ. ಹಬ್ಬ ಇರುವುದೇ ಮುಂಚಿನ ದಿನಗಳಲ್ಲಿ. ಊರೂರಲ್ಲಿ ಜನ ರಸ್ತೆ ಅಂಚಿನ ಕಲ್ಲು, ಸೇತುವೆಯ ಕಟ್ಟೆ, ಲೈಟು ಕಂಬ, ಹಳೆ ಟೈರು, ಏನು ಸಿಕ್ಕರೂ ಅದಕ್ಕೆ ಕೆಂಪು, ಬಂಗಾರ, ಹಸಿರು ಬಣ್ಣ ಬಳಿಯುತ್ತಿರುತ್ತಾರೆ. ಶಾಲೆ ಮಕ್ಕಳು, ಬ್ಯಾಂಕಿನವರು, ಅಂಗಡಿಯವರು ಎಲ್ಲರೂ ಅದೇ ಬಣ್ಣದ ಬಟ್ಟೆ ಹಾಕುತ್ತಾರೆ. ನಮ್ಮಲ್ಲಿ ಗಣೇಶನ ಹಬ್ಬಕ್ಕೆ ಮುಂಚೆ ಬೀದಿ ಹುಡುಗರು ಚಪ್ಪರ ಹಾಕುತ್ತಾರಲ್ಲ, ಹಬ್ಬದ ಅರ್ಧ ಖುಷಿ ಅದರಲ್ಲೇ ಇರುತ್ತದೆ ಅಲ್ವಾ, ಇದೂ ಹಾಗೇ. ಬ್ರಷ್ ಹಿಡಿದು ಒಂದು ಕಲ್ಲಿಗೆ ಬಣ್ಣ ಹಚ್ಚಲು ಸಹಾಯ ಮಾಡಿದರೆ ಸಾಕು, 7ನೇ ತಾರೀಖು ನೀವು ಅವರಿಗೆ ಹೊಸಬರಲ್ಲ.

ಇನ್ನೊಂದು ಕಾರಣವೂ ಇದೆ. ಜನವರಿ ಕೊನೆ, ಫೆಬ್ರವರಿ ಮೊದಲ ದಿನಗಳ ಹೊತ್ತಿಗೆ ಗ್ರ್ಯಾಂಡ್ ಆನ್ಸ್ ಬೀಚಿನಲ್ಲಿ ವರ್ಕ್‌ಬೋಟ್ ರೆಗಟ್ಟಾ ನಡೆಯುತ್ತದೆ. ಗೋಯಾವ್, ಸೋಟರ್ಸ್, ವೊಬರ್ನ್, ಕ್ಯಾರಿಯಾಕೂ ಕಡೆಯ ಮೀನುಗಾರರು ತಮ್ಮ ಮರದ ದೋಣಿಗೆ ಹಾಯಿ ಕಟ್ಟಿ ಊರಿಗೂ ಊರಿಗೂ ಪಂದ್ಯ ಓಡಿಸುತ್ತಾರೆ. ಸಮುದ್ರದಲ್ಲಿ ಇರುವವರು ಇದನ್ನು ಬಿಟ್ಟರೆ ಹೇಗೆ?

ಹವಾಮಾನ ಹೇಗೆ? ಚಂಡಮಾರುತದ ಭಯ ಇದೆಯಾ?

ಇಲ್ಲ. ಚಂಡಮಾರುತದ ಕಾಲ ಜೂನ್‌ನಿಂದ ನವೆಂಬರ್. ಫೆಬ್ರವರಿ ಒಣ ಕಾಲ. ಆದರೆ ಪೂರ್ವದ ಗಾಳಿ ಜೋರಾಗಿರುತ್ತದೆ, 20 ನಾಟ್ (ಗಂಟೆಗೆ ಸುಮಾರು 37 ಕಿಲೋಮೀಟರ್) ಸಾಮಾನ್ಯ, ಅದಕ್ಕಿಂತ ಜಾಸ್ತಿಯೂ ಬರುತ್ತದೆ. ಕ್ಯಾರಿಯಾಕೂವಿನಿಂದ ಗ್ರೆನೇಡಾಕ್ಕೆ ಇಳಿಯುವಾಗ ದಾರಿಯಲ್ಲಿ ಕಿಕ್ ಎಮ್ ಜೆನ್ನಿ ಅನ್ನುವ ಜ್ವಾಲಾಮುಖಿ ಇದೆ, ಸಮುದ್ರದ ಅಡಿಯಲ್ಲಿ. ಮಾಮೂಲಿ ದಿನಗಳಲ್ಲಿ ಅದರ ಸುತ್ತ 1.5 ಕಿಲೋಮೀಟರ್ ದೂರ ಇರಬೇಕು. ಎಚ್ಚರಿಕೆ ಮಟ್ಟ ಕಿತ್ತಳೆಗೆ ಏರಿದರೆ 5 ಕಿಲೋಮೀಟರ್. ಹೊರಡುವ ದಿನ ಬೆಳಿಗ್ಗೆ ಎಚ್ಚರಿಕೆ ಮಟ್ಟ ನೋಡಿಯೇ ಹೊರಡಿ.

ಎಲ್ಲಿ ಲಂಗರು ಹಾಕಲಿ?

ಪೆರೇಡು ನೋಡುವುದೇ ಮುಖ್ಯ ಅಂದರೆ ರಾಜಧಾನಿ ಸೇಂಟ್ ಜಾರ್ಜಸ್ ಹತ್ತಿರ ಇರಿ. ಪೋರ್ಟ್ ಲೂಯಿ ಮರೀನಾ ಇದೆ, ಬಂದರಿನ ಹೊರಗೆ ಲಂಗರು ಹಾಕುವ ಜಾಗವೂ ಇದೆ. ಆದರೆ ಅಲ್ಲಿ ಅಲೆ ಕುಲುಕುತ್ತದೆ, ರಾತ್ರಿ ನಿದ್ದೆ ಕಷ್ಟ.

ನನ್ನನ್ನು ಕೇಳಿದರೆ ದಕ್ಷಿಣದ ಕೊಲ್ಲಿಗಳಿಗೆ ಹೋಗಿ. ಪ್ರಿಕ್ಲಿ ಬೇ, ಮೌಂಟ್ ಹಾರ್ಟ್‌ಮನ್ ಬೇ, ಹಾಗ್ ಐಲೆಂಡ್, ಕ್ಲಾರ್ಕ್ಸ್ ಕೋರ್ಟ್ ಬೇ. ನಾವು ಎರಡನೇ ಸಲ ಇದ್ದದ್ದು ವೊಬರ್ನ್ ಹಳ್ಳಿಯ ಮುಂದೆ. ಅದು ಮೀನುಗಾರರ ಊರು. ದಡಕ್ಕೆ ಹೋಗುವ ಪುಟ್ಟ ದೋಣಿ, ಡಿಂಗಿ, ಕಟ್ಟಿ ಹತ್ತು ಹೆಜ್ಜೆ ನಡೆದರೆ ಊರ ರಸ್ತೆ, ಬಸ್ಸು, ಅಂಗಡಿ, ಜನ. ಹಬ್ಬ ಅಲ್ಲಿ ಮನೆ ಬಾಗಿಲಲ್ಲೇ ನಡೆಯುತ್ತದೆ.

ಒಂದು ಎಚ್ಚರಿಕೆ. ದಕ್ಷಿಣದ ಕೊಲ್ಲಿಗಳ ಬಾಯಲ್ಲಿ ಹವಳದ ದಿಬ್ಬಗಳಿವೆ, ಕತ್ತಲಲ್ಲಿ ಒಳಗೆ ಬರಬೇಡಿ. ಇಲ್ಲಿನ ಬೋಯ್‌ಗಳ (ದಾರಿ ತೋರಿಸುವ ತೇಲುಗುರುತುಗಳ) ಬಣ್ಣವೂ ನಮ್ಮ ಭಾರತದ ಬಂದರುಗಳಿಗೆ ಉಲ್ಟಾ. ನಮ್ಮಲ್ಲಿ ಬಂದರಿನ ಒಳಗೆ ಬರುವಾಗ ಕೆಂಪು ಬೋಯ್ ಎಡಕ್ಕೆ ಇರಬೇಕು. ಅಮೆರಿಕ ಖಂಡಗಳಲ್ಲಿ, ಕೆರಿಬಿಯನ್ ಸೇರಿ, ಕೆಂಪು ಬಲಕ್ಕೆ. ಮಂಗಳೂರಲ್ಲೋ ಮುಂಬೈಯಲ್ಲೋ ಕಲಿತವರ ಕೈ ಅಭ್ಯಾಸಬಲದಿಂದ ತಪ್ಪು ಕಡೆ ತಿರುಗುತ್ತದೆ. ಚುಕ್ಕಾಣಿ ಹತ್ತಿರ ಒಂದು ಚೀಟಿ ಅಂಟಿಸಿಕೊಳ್ಳಿ. ನಾವು ಅಂಟಿಸಿಕೊಂಡಿದ್ದೆವು.

ಕಾಗದ ಪತ್ರ ಏನೇನು ಬೇಕು?

ಬರುವ ಮೊದಲೇ ಸೇಲ್‌ಕ್ಲಿಯರ್ ಅನ್ನುವ ವೆಬ್‌ಸೈಟಿನಲ್ಲಿ ದೋಣಿ ಮತ್ತು ಕ್ರೂ ವಿವರ ತುಂಬಿಡಿ. ಬಂದ ಮೇಲೆ ಹಳದಿ ಧ್ವಜ ಏರಿಸಿ, ಪ್ರವೇಶದ ಅನುಮತಿ, ಅಂದರೆ ಕ್ಲಿಯರೆನ್ಸ್, ಇನ್ನೂ ಸಿಕ್ಕಿಲ್ಲ ಅನ್ನುವ ಗುರುತು ಅದು. ಮೊದಲು ಕ್ಯಾಪ್ಟನ್ ಒಬ್ಬರೇ ದಡಕ್ಕೆ ಹೋಗಿ ಇಮಿಗ್ರೇಷನ್, ಕಸ್ಟಮ್ಸ್ ಮುಗಿಸಬೇಕು. ಅಲ್ಲಿಯವರೆಗೆ ಉಳಿದವರು ದೋಣಿಯಲ್ಲೇ ಇರಬೇಕು. ಉತ್ತರದಿಂದ ಬರುವವರಿಗೆ ಕ್ಯಾರಿಯಾಕೂವಿನ ಟಿರೆಲ್ ಬೇ ಅನುಕೂಲ. ನೇರ ಗ್ರೆನೇಡಾಕ್ಕೆ ಬಂದರೆ ಸೇಂಟ್ ಜಾರ್ಜಸ್, ಪ್ರಿಕ್ಲಿ ಬೇ, ಸೇಂಟ್ ಡೇವಿಡ್ಸ್ ಇವೆ. ಶನಿವಾರ, ಭಾನುವಾರ, ರಜಾ ದಿನ ಬಂದರೆ ಓವರ್‌ಟೈಮ್ ಹಣ ಕೊಡಬೇಕು. 7ನೇ ತಾರೀಖೇ ಬಂದಿಳಿದರೆ ಹಬ್ಬದ ದಿನ ಆ ಅಧಿಕಾರಿಯನ್ನು ಮನೆಯಿಂದ ಎಬ್ಬಿಸಿದ ಹಾಗೆ.

ಭಾರತೀಯ ಪಾಸ್‌ಪೋರ್ಟ್ ಇದೆ. ವೀಸಾ?

ಗ್ರೆನೇಡಾದ ನಿಯಮವನ್ನು ಹೊರಡುವ ಮೊದಲು ಅವರ ಇಮಿಗ್ರೇಷನ್ ಕಚೇರಿಗೇ ಬರೆದು ಕೇಳಿ, ಉತ್ತರವನ್ನು ಪ್ರಿಂಟ್ ತೆಗೆದಿಡಿ. ನಿಯಮ ಬದಲಾಗುತ್ತಿರುತ್ತದೆ. ನಮ್ಮವರು ಎಡವುವುದು ಗ್ರೆನೇಡಾದಲ್ಲಿ ಅಲ್ಲ, ದಾರಿಯಲ್ಲಿ. ಮಾರ್ಟಿನೀಕ್, ಗ್ವಾಡೆಲೂಪ್ ಫ್ರಾನ್ಸಿನವು. ‘ನನ್ನ ಹತ್ತಿರ ಯುರೋಪಿನ ಶೆಂಗೆನ್ ವೀಸಾ ಇದೆ, ಸಾಕು’ ಅಂದುಕೊಳ್ಳುತ್ತಾರೆ. ಆ ದ್ವೀಪಗಳು ಶೆಂಗೆನ್ ವಲಯದೊಳಗೆ ಬರುವುದಿಲ್ಲ, ಅವಕ್ಕೂ ಸೇರಿಸಿ ಅನುಮತಿ ತೆಗೆದುಕೊಂಡಿರಬೇಕು.

ವಿಮಾನದಲ್ಲಿ ಬಂದು ಗ್ರೆನೇಡಾದಲ್ಲಿ ದೋಣಿ ಹತ್ತುವವರು ಒಂದು ವಿಷಯ ನೆನಪಿಡಿ. ವಾಪಸ್ ಟಿಕೆಟ್ ಇಲ್ಲದಿದ್ದರೆ ವಿಮಾನದವರು ತಡೆಯುತ್ತಾರೆ. ನೀವು ಇಂಥ ದೋಣಿಯ ಕ್ರೂ ಅಂತ ಕ್ಯಾಪ್ಟನ್ ಸಹಿ ಮಾಡಿದ ಪತ್ರ, ದೋಣಿಯ ರಿಜಿಸ್ಟ್ರೇಷನ್ ಪ್ರತಿ ಕೈಯಲ್ಲಿರಲಿ. ನಮ್ಮ ಜೊತೆ ಬರಬೇಕಿದ್ದ ಹುಡುಗ ಈ ಪತ್ರ ಇಲ್ಲದೆ ಒಂದು ವಿಮಾನ ನಿಲ್ದಾಣದಲ್ಲಿ ಇಡೀ ರಾತ್ರಿ ಕೂತಿದ್ದ.

ಬಾವುಟ ಹೇಗೆ ಕಟ್ಟಬೇಕು?

ಇದು ನನಗೆ ತುಂಬ ಮುಖ್ಯ ಅನ್ನಿಸುವ ಪ್ರಶ್ನೆ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕ್ಲಿಯರೆನ್ಸ್ ಮುಗಿದ ಕೂಡಲೇ ಹಳದಿ ಧ್ವಜ ಇಳಿಸಿ ಗ್ರೆನೇಡಾದ ಕೋರ್ಟಸಿ ಧ್ವಜ, ಅಂದರೆ ಆ ದೇಶಕ್ಕೆ ಗೌರವ ತೋರಿಸಲು ಅದರದೇ ಬಾವುಟ, ಏರಿಸಬೇಕು. ಜಾಗ ಬಲಗಡೆಯ ಸ್ಪ್ರೆಡರ್, ಹಾಯಿಕಂಬದ ಅಡ್ಡಪಟ್ಟಿ. ಗ್ರೆನೇಡಾದ ಬಾವುಟವನ್ನು ಒಮ್ಮೆ ಸರಿಯಾಗಿ ನೋಡಿ. ಸುತ್ತ ಕೆಂಪು ಅಂಚು, ಅದರಲ್ಲಿ ಆರು ನಕ್ಷತ್ರ, ನಡುವೆ ಇನ್ನೊಂದು. ಏಳು ನಕ್ಷತ್ರ ಅಂದರೆ ಆರು ಪ್ಯಾರಿಷ್‌ಗಳು (ನಮ್ಮ ಜಿಲ್ಲೆಗಳ ಥರ), ಜೊತೆಗೆ ಕ್ಯಾರಿಯಾಕೂ ಮತ್ತು ಪೆಟಿಟ್ ಮಾರ್ಟಿನೀಕ್ ಸೇರಿ ಒಂದು. ಒಳಗೆ ಮೇಲೆ ಕೆಳಗೆ ಹಳದಿ, ಎಡ ಬಲಕ್ಕೆ ಹಸಿರು. ಎಡಗಡೆ ಹಸಿರಿನಲ್ಲಿ ಒಂದು ಜಾಯಿಕಾಯಿ, ಸಿಪ್ಪೆ ಬಿರಿದು ಒಳಗೆ ಕೆಂಪು ಕಾಣುವ ಹಾಗೆ. ದೇಶದ ಬಾವುಟದಲ್ಲೇ ಜಾಯಿಕಾಯಿ! ಒಂದು ಕಾಲದಲ್ಲಿ ಇಂಡೋನೇಷ್ಯಾ ಬಿಟ್ಟರೆ ಪ್ರಪಂಚದಲ್ಲಿ ಅತಿ ಹೆಚ್ಚು ಜಾಯಿಕಾಯಿ ಬೆಳೆಯುತ್ತಿದ್ದದ್ದು ಈ ಪುಟ್ಟ ದ್ವೀಪವೇ. 2004ರ ಸೆಪ್ಟೆಂಬರ್‌ನಲ್ಲಿ ಬಂದ ಐವನ್ ಚಂಡಮಾರುತ ಬಹುಪಾಲು ಮರಗಳನ್ನು ಬುಡಸಮೇತ ಉರುಳಿಸಿತು. ಮರ ಹೋದರೂ ಬಾವುಟದಲ್ಲಿ ಕಾಯಿ ಉಳಿದಿದೆ. ಶಿರಸಿ ಕಡೆಯ ಅಡಿಕೆ ತೋಟದಲ್ಲಿ ಜಾಯಿಕಾಯಿ ಹೆಕ್ಕಿ ಬೆಳೆದವರಿಗೆ ಆ ಬಾವುಟ ನೋಡಿದರೆ ಏನೋ ಒಂಥರಾ ಆಗುತ್ತದೆ.

ಜಾಯಿಕಾಯಿ ಇರುವ ಕಡೆ ಹಗ್ಗದ ಕಡೆಗೆ ಬರಬೇಕು. ಬಹಳ ಜನ ಇದನ್ನು ತಿರುಗಿಸಿ ಕಟ್ಟಿಬಿಡುತ್ತಾರೆ. ಬಿಸಿಲಿಗೆ ಬಣ್ಣ ಹೋದ, ಅಂಚು ಹರಿದ ಹಳೇ ಬಾವುಟವನ್ನು 7ನೇ ತಾರೀಖಿಗೆ ಇಟ್ಟುಕೊಳ್ಳಬೇಡಿ. ಹೊಸದು ತೆಗೆದುಕೊಳ್ಳಿ. ಹರಿದ ಬಾವುಟಕ್ಕೆ ಅಲ್ಲಿನವರು ಬಾಯಿಬಿಟ್ಟು ಏನೂ ಅನ್ನುವುದಿಲ್ಲ, ಆದರೆ ನೋಡುತ್ತಾರೆ.

ಹಬ್ಬದ ದಿನ ದೋಣಿಗೆ ಅಲಂಕಾರ ಮಾಡಬೇಕು ಅನ್ನಿಸಿದರೆ ಸಿಗ್ನಲ್ ಧ್ವಜಗಳ ಮಾಲೆಯನ್ನು ಮೂತಿಯಿಂದ ಕಂಬದ ತುದಿಗೆ, ಅಲ್ಲಿಂದ ಹಿಂಭಾಗಕ್ಕೆ ಕಟ್ಟಿ. ಬೆಳಿಗ್ಗೆ 8ಕ್ಕೆ ಏರಿಸಿ, ಸೂರ್ಯ ಮುಳುಗುವಾಗ ಇಳಿಸಿ. ಬೇರೆ ಬೇರೆ ದೇಶದ ಬಾವುಟಗಳನ್ನು ಆ ಮಾಲೆಯಲ್ಲಿ ಸೇರಿಸಬೇಡಿ.

ಪೆರೇಡ್ ನೋಡಲು ಹೊರಗಿನವರಿಗೆ ಬಿಡುತ್ತಾರಾ?

ಖಂಡಿತ. ಸೇಂಟ್ ಜಾರ್ಜಸ್‌ನ ಕ್ವೀನ್ಸ್ ಪಾರ್ಕ್ ಸ್ಟೇಡಿಯಂನಲ್ಲಿ ನಡೆಯುತ್ತದೆ. ಕ್ರಿಕೆಟ್ ನೋಡುವವರಿಗೆ ಗೊತ್ತಿರುತ್ತದೆ, 2007ರ ವಿಶ್ವಕಪ್‌ನ ಕೆಲವು ಸೂಪರ್ ಎಯ್ಟ್ ಪಂದ್ಯಗಳು ಅಲ್ಲೇ ನಡೆದವು. ಪಕ್ಕದ ಅಥ್ಲೆಟಿಕ್ಸ್ ಮೈದಾನಕ್ಕೆ ಕಿರಾನಿ ಜೇಮ್ಸ್ ಹೆಸರಿಟ್ಟಿದ್ದಾರೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಓಡಿ ಚಿನ್ನ ಗೆದ್ದ ಗೋಯಾವ್‌ನ ಹುಡುಗ. ಅದು ಆ ದೇಶಕ್ಕೆ ಬಂದ ಮೊಟ್ಟಮೊದಲ ಒಲಿಂಪಿಕ್ ಪದಕ. ಅವನ ಹೆಸರು ಎತ್ತಿ ನೋಡಿ, ಬಸ್ಸಿನಲ್ಲಿ ಇರುವವರೆಲ್ಲ ಮಾತಿಗೆ ಸೇರಿಕೊಳ್ಳುತ್ತಾರೆ.

ಪೊಲೀಸರು, ಕೋಸ್ಟ್ ಗಾರ್ಡ್, ಕೆಡೆಟ್‌ಗಳು, ಸ್ಕೌಟ್ಸ್, ಗೈಡ್ಸ್ ಎಲ್ಲ ಸಾಲಾಗಿ ಬರುತ್ತಾರೆ. ಗವರ್ನರ್ ಜನರಲ್ ಗೌರವ ವಂದನೆ ಸ್ವೀಕರಿಸುತ್ತಾರೆ. ಸಮಯ ರೇಡಿಯೋದಲ್ಲಿ ಹೇಳುತ್ತಾರೆ, ಬಸ್ಸಿನಲ್ಲಿ ಕೇಳಿದರೂ ತಿಳಿಯುತ್ತದೆ. ಒಂದು ಗಂಟೆ ಮುಂಚೆ ಹೋಗಿ. ಟೋಪಿ, ನೀರು ಬೇಕೇ ಬೇಕು. ರಾಷ್ಟ್ರಗೀತೆ ಬಂದಾಗ ಎದ್ದು ನಿಲ್ಲಿ, ಟೋಪಿ ತೆಗೆಯಿರಿ, ಆ ಹೊತ್ತಲ್ಲಿ ಫೋನಿನಲ್ಲಿ ವಿಡಿಯೋ ಮಾಡುವುದು ಬಿಡಿ. ರಜಾ ದಿನ ಬಸ್ಸು ಕಡಿಮೆ. ವಾಪಸ್ ಬರಲು ಟ್ಯಾಕ್ಸಿ ಮಾತಾಡಿಟ್ಟುಕೊಂಡರೆ ಒಳ್ಳೆಯದು.

ಆಯಿಲ್ ಡೌನ್ ಅಂದರೆ ಏನು? ಎಲ್ಲರೂ ಅದೇ ಹೇಳುತ್ತಾರಲ್ಲ?

ಅದು ಗ್ರೆನೇಡಾದ ರಾಷ್ಟ್ರೀಯ ಅಡುಗೆ. ಒಂದೇ ದೊಡ್ಡ ಪಾತ್ರೆ, ಮೂರು ಕಲ್ಲಿನ ಒಲೆ, ಸುತ್ತ ಇಡೀ ಬೀದಿಯ ಜನ. ಸ್ವಾತಂತ್ರ್ಯ ದಿನ ಮೂಲೆ ಮೂಲೆಯಲ್ಲೂ ಇದರ ಹೊಗೆ ಏಳುತ್ತದೆ.

ಒಳಗೆ ಏನಿರುತ್ತದೆ ಕೇಳಿ. ಬ್ರೆಡ್‌ಫ್ರೂಟ್, ಅಂದರೆ ನಮ್ಮ ಜೀಗುಜ್ಜೆ. ನಾನು ಕುಂದಾಪುರದ ಕಡೆಯವಳು, ಅಷ್ಟು ದೂರದಲ್ಲಿ ಅದು ಕಣ್ಣಿಗೆ ಬಿದ್ದಾಗ ಗುರುತು ಹಿಡಿಯಲು ಒಂದು ಕ್ಷಣವೂ ಬೇಕಾಗಲಿಲ್ಲ. ಕ್ಯಾಲಲೂ ಎಲೆ, ಅಂದರೆ ನಮ್ಮ ಕೆಸುವಿನ ಎಲೆ, ಪತ್ರೊಡೆಗೆ ಬಳಸುತ್ತೇವಲ್ಲ, ಅದರ ಜಾತಿಯದೇ. ಎಳೆ ಬಾಳೆಕಾಯಿ. ಅದನ್ನು ಅವರು ‘ಗ್ರೀನ್ ಫಿಗ್’ ಅನ್ನುತ್ತಾರೆ, ಅಂಜೂರ ಹುಡುಕಬೇಡಿ. ತೆಂಗಿನ ಹಾಲು. ಅರಿಶಿನ. ಅದನ್ನು ಅವರು ‘ಸ್ಯಾಫ್ರನ್’ ಅನ್ನುತ್ತಾರೆ! ಯಾರಾದರೂ ನಿಮ್ಮ ದೋಣಿಯಲ್ಲಿ ಸ್ಯಾಫ್ರನ್ ಇದೆಯಾ ಅಂತ ಕೇಳಿದರೆ ಕೇಸರಿ ಅಲ್ಲ, ಅರಿಶಿನದ ಡಬ್ಬಿ ಕೊಡಿ. ಜೊತೆಗೆ ಹಿಟ್ಟಿನ ಉದ್ದುದ್ದ ಕಡುಬು, ಉಪ್ಪು ಹಾಕಿ ಒಣಗಿಸಿದ ಮೀನು, ಉಪ್ಪಿನಲ್ಲಿಟ್ಟ ಹಂದಿ ಬಾಲ ಅಥವಾ ಕೋಳಿ.

ಇವನ್ನೆಲ್ಲ ಪದರ ಪದರವಾಗಿ ಜೋಡಿಸುತ್ತಾರೆ. ಆ ಕೆಲಸಕ್ಕೆ ‘ಪಾತ್ರೆ ಪ್ಯಾಕ್ ಮಾಡೋದು’ ಅಂತಲೇ ಹೆಸರು. ಒಬ್ಬೊಬ್ಬರದು ಒಂದೊಂದು ಕ್ರಮ, ಅದರ ಬಗ್ಗೆ ಜೋರು ವಾದವೂ ನಡೆಯುತ್ತದೆ. ಜೋಡಿಸಿ ಮುಚ್ಚಿದ ಮೇಲೆ ಸೌಟು ಹಾಕಿ ತಿರುವುವ ಹಾಗಿಲ್ಲ. ತೆಂಗಿನ ಹಾಲನ್ನು ಜೀಗುಜ್ಜೆ ಪೂರ್ತಿ ಕುಡಿದು, ಎಣ್ಣೆ ಮಾತ್ರ ಪಾತ್ರೆಯ ತಳಕ್ಕೆ ಇಳಿಯಬೇಕು. ಎಣ್ಣೆ ಕೆಳಗಿಳಿದರೆ ಅಡುಗೆ ಆಯಿತು ಅಂತ ಲೆಕ್ಕ. ಹೆಸರು ಬಂದದ್ದೇ ಹಾಗೆ. ಕೆಸು ತುರಿಸಬಾರದು ಅಂತ ನಾವು ಹುಣಸೆಹಣ್ಣು ಹಾಕುತ್ತೇವೆ, ಅವರು ತೆಂಗಿನ ಹಾಲಲ್ಲಿ ತುಂಬ ಹೊತ್ತು ಬೇಯಿಸುತ್ತಾರೆ.

ಜೀಗುಜ್ಜೆ ಅಲ್ಲಿಗೆ ಹೋದ ಕಥೆ ಖುಷಿಯದಲ್ಲ. ತೋಟಗಳಲ್ಲಿ ದುಡಿಯುತ್ತಿದ್ದ ಗುಲಾಮರಿಗೆ ಅಗ್ಗದ ಊಟ ಬೇಕು ಅಂತ ಬ್ರಿಟಿಷರು 1793ರಲ್ಲಿ ಪೆಸಿಫಿಕ್ ದ್ವೀಪಗಳಿಂದ ಹಡಗಲ್ಲಿ ಗಿಡ ತಂದು ಸೇಂಟ್ ವಿನ್ಸೆಂಟ್, ಜಮೈಕಾಗಳಿಗೆ ಕೊಟ್ಟರು. ಹಾಗೆ ಬಂದ ಕಾಯಿ ಇವತ್ತು ಸ್ವಾತಂತ್ರ್ಯ ದಿನದ ಪಾತ್ರೆಯಲ್ಲಿ ಬೇಯುತ್ತದೆ. ಆ ಪಾತ್ರೆ ಮುಂದೆ ತಟ್ಟೆ ಹಿಡಿದು ನಿಂತಾಗ ನನಗೆ ಇದೇ ನೆನಪಾಗುತ್ತಿತ್ತು.

ನಾವು ಸಸ್ಯಾಹಾರಿಗಳು. ಏನು ಮಾಡೋದು?

ಭಯ ಬೇಡ. ರಾಸ್ತಾಫಾರಿ ಪಂಥದವರು ಮಾಂಸ ಹಾಕದೆ ಮಾಡುವ ಅಡುಗೆಗೆ ‘ಐಟಲ್’ ಅನ್ನುತ್ತಾರೆ. ಐಟಲ್ ಆಯಿಲ್ ಡೌನ್ ಇದೆಯಾ ಅಂತ ಕೇಳಿ, ಎಲ್ಲರಿಗೂ ಆ ಪದ ಅರ್ಥವಾಗುತ್ತದೆ. ಹಿಂದಿನ ದಿನವೇ ಹೇಳಿದರೆ ಪಕ್ಕದಲ್ಲಿ ಚಿಕ್ಕ ಪಾತ್ರೆ ಇಡುತ್ತಾರೆ. ಬಡಿಸಿದ ಮೇಲೆ ‘ಇದರಲ್ಲಿ ಮಾಂಸ ಇದೆಯಾ’ ಅಂತ ಮುಖ ಮಾಡಬೇಡಿ, ಅದು ಅವರಿಗೆ ನೋವು. ರೋಟಿ ಅಂಗಡಿಗಳೂ ಇವೆ, ಆದರೆ ಹಬ್ಬದ ದಿನ ಮುಚ್ಚಿರುತ್ತವೆ.

ಕರೆಯದೆ ಹೇಗೆ ಹೋಗೋದು? ಯಾರೂ ಪರಿಚಯ ಇಲ್ಲ.

ಎಲ್ಲರೂ ಹಿಂಜರಿಯುವುದು ಇಲ್ಲೇ. ನಾವೂ ಮೊದಲ ವರ್ಷ ಇದೇ ಕಾರಣಕ್ಕೆ ದೋಣಿಯಲ್ಲೇ ಉಳಿದೆವು. ಬೇರೆಯವರ ಮನೆ ಹಬ್ಬಕ್ಕೆ ನುಗ್ಗೋದು ಹೇಗೆ ಅಂತ. ಆಮೇಲೆ ತಿಳಿಯಿತು, ಅವರು ‘ಇವರೇಕೆ ಕೆಳಗೆ ಇಳಿಯುತ್ತಿಲ್ಲ’ ಅಂದುಕೊಂಡಿದ್ದರಂತೆ.

ದಾರಿ ಸುಲಭ. ಮೊದಲು ‘ಗುಡ್ ಮಾರ್ನಿಂಗ್’ ಹೇಳುವುದು ಕಲಿಯಿರಿ. ಗ್ರೆನೇಡಾದಲ್ಲಿ ಅಂಗಡಿಗೆ, ಬಸ್ಸಿಗೆ, ಕಚೇರಿಗೆ, ಎಲ್ಲಿ ಕಾಲಿಟ್ಟರೂ ಮೊದಲು ನಮಸ್ಕಾರ, ಆಮೇಲೆ ಮಾತು. ‘ಟೊಮೇಟೊ ಎಷ್ಟು?’ ಅಂತ ನೇರ ಕೇಳಿದರೆ ಉತ್ತರವೇ ಬರದಿರಬಹುದು. ಒಂದು ವಾರ ಅದೇ ಅಂಗಡಿಗೆ ಹೋಗಿ, ಅದೇ ಮೀನುಗಾರನ ಹತ್ತಿರ ಮೀನು ಕೊಳ್ಳಿ, ಅದೇ ಕಟ್ಟೆಯಲ್ಲಿ ಕೂರಿ. ಸುಮ್ನೆ ಕೂತು ಮಾತಾಡುವುದಕ್ಕೆ ಅಲ್ಲಿ ‘ಲೈಮ್’ ಅನ್ನುತ್ತಾರೆ. ‘ಲೈಮ್‌ಗೆ ಬನ್ನಿ’ ಅಂದರೆ ನಿಂಬೆಹಣ್ಣಿನ ಮಾತಲ್ಲ, ನಮ್ಮ ಅರಳಿಕಟ್ಟೆ ಹರಟೆಗೆ ಕರೆಯುತ್ತಿದ್ದಾರೆ. ಕರೆದರೆ ಹೋಗಿ.

ನಾಲ್ಕೈದು ದಿನ ಮುಂಚೆ ಒಂದೇ ಪ್ರಶ್ನೆ ಕೇಳಿ: ‘ಈ ಸಲ ಪಾತ್ರೆ ಯಾರು ಇಡ್ತಾರೆ, ಏನು ತರಲಿ?’ ಹಣ ಕೊಡಲು ಹೋಗಬೇಡಿ. ಏನು ಬೇಕು ಅಂತ ಅವರೇ ಹೇಳುತ್ತಾರೆ. ತೆಂಗಿನಕಾಯಿ, ಕೋಳಿ, ಹಿಟ್ಟು, ಐಸ್. ಅದನ್ನು ತಪ್ಪದೆ ತನ್ನಿ. ನನಗೆ ತೆಂಗಿನಕಾಯಿ ಪಾಲಿಗೆ ಬಂತು. ಎಂಟು ಕಾಯಿ ತುರಿದು ಹಾಲು ಹಿಂಡಿ ಕೊಟ್ಟೆ. ನಾನು ಕಾಯಿ ಒಡೆದ ರೀತಿ ನೋಡಿ ಒಬ್ಬ ಅಜ್ಜಿ ‘ಇವಳು ಪರದೇಶದವಳಲ್ಲ’ ಅಂದರು. ಆ ಮಾತು ನನಗೆ ಇವತ್ತಿಗೂ ಖುಷಿ ಕೊಡುತ್ತದೆ.

ಬೆಳಿಗ್ಗೆಯೇ ಹೋಗಿ, ಊಟದ ಹೊತ್ತಿಗಲ್ಲ. ಹೆಚ್ಚುವುದು, ತೊಳೆಯುವುದು, ಸೌದೆ ತರುವುದು, ಇದರಲ್ಲೇ ಸ್ನೇಹ ಬೆಳೆಯುವುದು. ನಿಮ್ಮ ತಟ್ಟೆ, ಚಮಚ, ಲೋಟ ನೀವೇ ಒಯ್ಯಿರಿ. ಮತ್ತು ಊಟ ಆದ ಕೂಡಲೇ ಡಿಂಗಿ ಹತ್ತಬೇಡಿ. ಪಾತ್ರೆ ತಿಕ್ಕುವವರೆಗೂ ಇರಿ. ದೋಣಿಯವರು ಹತ್ತು ಜನ ಗುಂಪಾಗಿ ಬಂದು ಒಂದು ಮೂಲೆಯಲ್ಲಿ ತಮ್ಮಷ್ಟಕ್ಕೇ ಕೂರುವುದು ಬೇಡ. ಇಬ್ಬರು ಮೂವರಾಗಿ ಬನ್ನಿ, ಬೇರೆ ಬೇರೆ ಕೂರಿ.

ಬಟ್ಟೆ ಹೇಗಿರಬೇಕು?

ಕೆಂಪು, ಹಳದಿ, ಹಸಿರು ಯಾವುದಾದರೂ ಸರಿ. ಈಜುಡುಗೆಯಲ್ಲಿ, ಬರಿ ಮೈಯಲ್ಲಿ ಊರೊಳಗೆ ನಡೆಯಬೇಡಿ, ಬೀಚಿಗೆ ಅದು ಸಾಕು. ಮಿಲಿಟರಿ ಥರದ ಮಚ್ಚೆ ಮಚ್ಚೆ ಕ್ಯಾಮೊಫ್ಲಾಜ್ ಬಟ್ಟೆ ಜನಸಾಮಾನ್ಯರು ಹಾಕುವುದು ಅಲ್ಲಿ ಕಾನೂನಿಗೆ ವಿರುದ್ಧ. ಮಕ್ಕಳ ಚಡ್ಡಿ, ಟೋಪಿ, ಬ್ಯಾಗಿಗೂ ಇದೇ ನಿಯಮ. ದೋಣಿಯಲ್ಲೇ ಬಿಟ್ಟು ಬನ್ನಿ.

ರಾಜಕೀಯ ಮಾತಾಡಬಹುದಾ?

ಕೇಳಿ, ಆದರೆ ತೀರ್ಪು ಕೊಡಬೇಡಿ. ಈ ದೇಶದ ಸ್ವಾತಂತ್ರ್ಯ ನೆಮ್ಮದಿಯಲ್ಲಿ ಬಂದದ್ದಲ್ಲ. ಎರಿಕ್ ಗೇರಿ ಮೊದಲ ಪ್ರಧಾನಿ. ಅವರ ಆಡಳಿತದ ವಿರುದ್ಧ ಮುಷ್ಕರ, ಮೆರವಣಿಗೆ ನಡೆಯುತ್ತಿದ್ದಾಗಲೇ ಸ್ವಾತಂತ್ರ್ಯ ಬಂತು. ಅದಕ್ಕೆ ಹದಿನೇಳೇ ದಿನ ಮುಂಚೆ, 1974ರ ಜನವರಿ 21ರಂದು, ರೂಪರ್ಟ್ ಬಿಷಪ್ ಅನ್ನುವ ವ್ಯಾಪಾರಿ ಗುಂಡಿಗೆ ಬಲಿಯಾದರು. ಅವರ ಮಗ, ಗೇರಿಯ ವಿರೋಧಿ ನಾಯಕ ಮಾರಿಸ್ ಬಿಷಪ್ 1979ರ ಮಾರ್ಚ್ 13ರ ಕ್ರಾಂತಿಯಲ್ಲಿ ಅಧಿಕಾರಕ್ಕೆ ಬಂದರು. 1983ರ ಅಕ್ಟೋಬರ್ 19ರಂದು ಅವರನ್ನೂ ಅವರದೇ ಸೈನ್ಯದವರು ಸೇಂಟ್ ಜಾರ್ಜಸ್‌ನ ಕೋಟೆಯಲ್ಲಿ ಗುಂಡಿಟ್ಟು ಕೊಂದರು. ಆರು ದಿನಕ್ಕೆ ಅಮೆರಿಕದ ಸೈನ್ಯ ಇಳಿಯಿತು. ಇವತ್ತು ವಿಮಾನ ನಿಲ್ದಾಣಕ್ಕೆ ಮಾರಿಸ್ ಬಿಷಪ್ ಹೆಸರಿದೆ, ಅಮೆರಿಕನ್ನರು ಬಂದ ಅಕ್ಟೋಬರ್ 25ಕ್ಕೂ ರಜೆ ಕೊಡುತ್ತಾ ಬಂದಿದ್ದಾರೆ. ಎರಡೂ ಒಂದೇ ಊರಲ್ಲಿ ಇವೆ ಅಂದರೆ ಎಷ್ಟು ಮನೆಗಳ ನೋವು ಇದರಲ್ಲಿ ಸೇರಿದೆ ನೋಡಿ. ಪಾತ್ರೆಯ ಸುತ್ತ ಕೂತ ಅರವತ್ತು ದಾಟಿದವರೆಲ್ಲ ಆ ದಿನಗಳನ್ನು ಕಣ್ಣಾರೆ ಕಂಡವರು. ಅವರಾಗಿ ಹೇಳಿದರೆ ಗಮನ ಕೊಟ್ಟು ಕೇಳಿ.

ಮೈಗೆ ಕಪ್ಪು ಎಣ್ಣೆ ಬಳಿದು ಕುಣಿಯುತ್ತಾರಂತಲ್ಲ?

ಅದು ಜಾಬ್ ಜಾಬ್. ಆಗಸ್ಟಿನ ಕಾರ್ನಿವಲ್‌ನಲ್ಲಿ, ಫೆಬ್ರವರಿಯಲ್ಲಿ ಅಲ್ಲ.

ಕುಡಿತ?

ರಮ್ ಎಲ್ಲ ಕಡೆ ಇರುತ್ತದೆ. ರಿವರ್ ಆಂಟ್ವಾನ್ ಅನ್ನುವ ಡಿಸ್ಟಿಲರಿ 1785ರಿಂದ ನಡೆಯುತ್ತಿದೆ, ಈಗಲೂ ನೀರಿನ ಚಕ್ರದಲ್ಲಿ ಕಬ್ಬು ಅರೆಯುತ್ತಾರೆ. ಅಲ್ಲಿನ ಖಡಕ್ ರಮ್ಮಿನಲ್ಲಿ 75 ಶೇಕಡಾ ಆಲ್ಕೋಹಾಲ್. ಅದನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ ಅಂತ 69 ಶೇಕಡಾದ್ದು ಬೇರೆ ಮಾಡುತ್ತಾರೆ. ಕೊಟ್ಟರೆ ಒಂದು ಗುಟುಕು ಕುಡಿದು ನೀರು ಕುಡಿಯಿರಿ. ಕುಡಿಯದವರನ್ನು ಯಾರೂ ಒತ್ತಾಯ ಮಾಡುವುದಿಲ್ಲ, ಕೊಕೊ ಟೀ ಕೇಳಿ. ಕುಡಿದು ಕತ್ತಲಲ್ಲಿ ಡಿಂಗಿ ಓಡಿಸುವುದು ಮಾತ್ರ ಬೇಡವೇ ಬೇಡ. ಒಬ್ಬರು ಕುಡಿಯದೆ ಇರಿ, ಟಾರ್ಚ್ ಹಚ್ಚಿಕೊಳ್ಳಿ, ನೀರಿಗೆ ಬಿದ್ದರೆ ಇಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಹಗ್ಗ ಕೈಗೆ ಕಟ್ಟಿಕೊಳ್ಳಿ.

ಅಲ್ಲಿ ಭಾರತೀಯರು ಇದ್ದಾರಾ?

ಇದ್ದಾರೆ, ತುಂಬ ಹಿಂದಿನಿಂದ. ಗುಲಾಮಗಿರಿ ಹೋದ ಮೇಲೆ ತೋಟಗಳಿಗೆ ಆಳು ಬೇಕಾಯಿತು. 1857ರ ಮೇ 1ರಂದು ಮೇಡ್‌ಸ್ಟೋನ್ ಅನ್ನುವ ಹಡಗು ಮೊದಲ ಭಾರತೀಯ ಕೂಲಿಗಳನ್ನು ಇಳಿಸಿತು. ಆಮೇಲೆ ಸಾವಿರಾರು ಜನ ಬಂದರು. ಭಾಷೆ ಉಳಿಯಲಿಲ್ಲ, ಕೆಲವು ಹೆಸರುಗಳು, ರೋಟಿ, ಪಲ್ಯದ ಮಸಾಲೆ ಉಳಿದವು. ‘ನಿಮ್ಮ ಹಿರಿಯರು ಎಲ್ಲಿಯವರು’ ಅಂತ ನಾನು ಒಬ್ಬರನ್ನು ಕೇಳಿದೆ. ‘ಗ್ರೆನೇಡಾ’ ಅಂದರು. ಮತ್ತೆ ಕೇಳಲಿಲ್ಲ. ಅವರನ್ನು ನಮ್ಮವರು ಅಂತ ತಬ್ಬಿಕೊಳ್ಳುವ ಮೊದಲು ಅವರು ಗ್ರೆನೇಡಾದವರು ಅನ್ನುವುದನ್ನು ಗೌರವಿಸೋಣ.

ಕ್ಯಾರಿಯಾಕೂನಲ್ಲಿ ಹಬ್ಬ ಮಾಡೋಣವಾ?

ಮಾಡಿ, ಮನಸ್ಸಿಟ್ಟು ಮಾಡಿ. 2024ರ ಜುಲೈ 1ರಂದು ಬೆರಿಲ್ ಚಂಡಮಾರುತ ನೇರ ಕ್ಯಾರಿಯಾಕೂ ಮೇಲೆ ಬಂತು. ಅದೇ ವರ್ಷ ಫೆಬ್ರವರಿಯಲ್ಲಿ ಸ್ವಾತಂತ್ರ್ಯದ 50ನೇ ವರ್ಷದ ಹಬ್ಬ ಮಾಡಿದ ಮನೆಗಳ ಛಾವಣಿ ಐದು ತಿಂಗಳಿಗೆ ಹಾರಿಹೋಯಿತು. ಟಿರೆಲ್ ಬೇಯಲ್ಲಿ ದೋಣಿಗಳು ಒಂದರ ಮೇಲೊಂದು ಬಿದ್ದವು. ಸಾಮಾನು ಅಲ್ಲಿನ ಅಂಗಡಿಯಲ್ಲೇ ಕೊಳ್ಳಿ, ಊಟ ಅಲ್ಲೇ ಮಾಡಿ. ಬಡಗಿ ಕೆಲಸ, ವೆಲ್ಡಿಂಗ್, ಹಾಯಿ ಹೊಲಿಗೆ ಬರುವವರು ಎರಡು ದಿನ ಜಾಸ್ತಿ ಉಳಿದು ಕೇಳಿ, ಕೆಲಸ ಇದ್ದೇ ಇರುತ್ತದೆ. ವಿಂಡ್‌ವರ್ಡ್ ಹಳ್ಳಿಯಲ್ಲಿ ಸಮುದ್ರ ದಡದಲ್ಲೇ ಮರದ ದೋಣಿ ಕಟ್ಟುವವರಿದ್ದಾರೆ, ಅವರನ್ನು ನೋಡದೆ ಬರಬೇಡಿ.

7ನೇ ತಾರೀಖು ತಲುಪಲು ಆಗಲಿಲ್ಲ. ಮುಂದೆ?

ಸೇಂಟ್ ಲೂಸಿಯಾದ ಸ್ವಾತಂತ್ರ್ಯ ದಿನ ಫೆಬ್ರವರಿ 22, ಸ್ವಾತಂತ್ರ್ಯ ಬಂದದ್ದು 1979ರಲ್ಲಿ. ಅಲ್ಲಿನ ಹೆಂಗಸರು ಹಬ್ಬಕ್ಕೆ ಉಡುವ ಚೌಕುಳಿ ಬಟ್ಟೆಗೆ ಹೆಸರೇ ಮದ್ರಾಸ್. ಗ್ರೆನೇಡಾದಿಂದ ಉತ್ತರಕ್ಕೆ ಹೋಗುವಾಗ ಗಾಳಿ ಎದುರಿಗೆ ಬರುತ್ತದೆ, ಒಂದು ವಾರ ಕೈಯಲ್ಲಿ ಇಟ್ಟುಕೊಳ್ಳಿ. ಡೊಮಿನಿಕಾ ನವೆಂಬರ್ 3, ಆಂಟಿಗಾ ನವೆಂಬರ್ 1, ಬಾರ್ಬಡೋಸ್ ನವೆಂಬರ್ 30. ಆದರೆ ಅವೆಲ್ಲ ಚಂಡಮಾರುತದ ಕಾಲದೊಳಗೇ ಬರುತ್ತವೆ. ನಿಮ್ಮ ದೋಣಿಯ ವಿಮೆ ಏನು ಹೇಳುತ್ತದೆ ಅಂತ ಮೊದಲು ಓದಿ.

ಹಬ್ಬ ಮುಗಿದ ಮೇಲೆ ಬೇಗ ಹೊರಡಬಹುದಾ?

8ನೇ ತಾರೀಖು ಕಚೇರಿ ತೆರೆದಿದ್ದರೆ ಕ್ಲಿಯರೆನ್ಸ್ ಸಿಗುತ್ತದೆ. ಆದರೆ ಅವತ್ತು ಬೆಳಿಗ್ಗೆ ಒಮ್ಮೆ ದಡಕ್ಕೆ ಹೋಗಿ ಬನ್ನಿ. ಉಳಿದ ಆಯಿಲ್ ಡೌನ್ ಮರುದಿನ ಇನ್ನೂ ರುಚಿ, ನಿಮಗೆ ಅಂತ ಡಬ್ಬಿಯಲ್ಲಿ ಎತ್ತಿಟ್ಟಿರುತ್ತಾರೆ. ಡಬ್ಬಿ ಖಾಲಿ ಮಾಡಿ ಹಾಗೇ ವಾಪಸ್ ಕೊಡಬೇಡಿ, ಏನಾದರೂ ಹಾಕಿ ಕೊಡಿ. ನಾನು ಅವಲಕ್ಕಿ ಒಗ್ಗರಣೆ ಹಾಕಿ ಕೊಟ್ಟೆ. ಕೋರ್ಟಸಿ ಧ್ವಜವನ್ನು ಹೊರಡುವ ಗಡಿಬಿಡಿಯಲ್ಲಿ ಇಳಿಸಬೇಡಿ. ಕ್ಯಾರಿಯಾಕೂ ಹಿಂದೆ ಬಿದ್ದು, ಪಕ್ಕದ ದೇಶ ಸೇಂಟ್ ವಿನ್ಸೆಂಟ್‌ಗೆ ಸೇರಿದ ಯೂನಿಯನ್ ದ್ವೀಪದ ನೀರಿಗೆ ಬರುವವರೆಗೂ ಅದು ಮೇಲೆ ಇರಲಿ. ಅಲ್ಲಿ ಇಳಿಸಿ, ಒಣಗಿಸಿ, ಮಡಿಸಿಟ್ಟು, ಮತ್ತೆ ಹಳದಿ ಧ್ವಜ ಏರಿಸಿ.